ಮಲಗುವ ಕುಣಿ

ಹೊಳೆದಂಡೆಯ ಊರು ಗೂಗಲ್ಲಿನ ಮಣ್ಣು ಕಾಲಿಗೆ ಹತ್ತುವುದಿಲ್ಲ. ಕೃಷ್ಣೆ ತಂದು ಬಿಟ್ಟುಹೋದ ಮೆಕ್ಕಲು ಅದು. ಒದ್ದೆ ಕಾಲಲ್ಲಿ ನಡೆದರೂ ನಾಲ್ಕು ಹೆಜ್ಜೆಗೆ ಒಣಗಿ ಉದುರಿಬಿಡುತ್ತದೆ. ಅಂಥ ಮಣ್ಣಿನಲ್ಲಿ ಆಡಿ ಬೆಳೆದ ದುರುಗಮ್ಮ ದೇವದುರ್ಗದ ಸೀಮೆ ಬಿಟ್ಟು ಮಾನ್ವಿ ಸೀಮೆಯ ಬಾಗಲವಾಡಕ್ಕೆ ಸೊಸೆಯಾಗಿ ಬಂದಾಗ ಮೊದಲು ಹೆದರಿದ್ದು ಅತ್ತೆಗಲ್ಲ, ಎರೆಮಣ್ಣಿಗೆ. ಮಳೆ ನಿಂತ ಮರುದಿನ ಅದು. ಕೇರಿ ಮುಟ್ಟುವಷ್ಟರಲ್ಲಿ ಅವಳ ಒಂದೊಂದು ಪಾದವೂ ತುಂಬಿದ ಕೊಡದಷ್ಟು ಭಾರವಾಗಿತ್ತು. ಮುಂದೆ ನಡೆಯುತ್ತಿದ್ದ ಗಂಡ ಮೂಕಪ್ಪ ತಿರುಗಿ ನೋಡಿ ನಕ್ಕ.

"ಹಿಡಕೊಂತದ ನೋಡು. ನಮ್ಮೂರ ಮಣ್ಣಿಗಿ ಹೊಸಾ ಸೊಸಿ ಅಂದ್ರ ಭಾಳ ಪ್ರೀತಿ."

"ಪ್ರೀತಿ ಇದ್ದವರು ಹಿಂಗ ಕಾಲು ಹಿಡದು ಬೀಳಸ್ತಾರೇನು?"

"ನಮ್ಮೂರಾಗ ಹಂಗೇ," ಅಂದ ಮೂಕಪ್ಪ.

ಮೂಕಪ್ಪನ ಮನೆತನದ್ದು ಕುಣಿ ತೋಡುವ ಕೆಲಸ. ಊರಲ್ಲಿ ಯಾರು ಸತ್ತರೂ ಮೊದಲ ಕರೆ ಅವನಿಗೆ. ಊರೊಳಗಿನ ಲಿಂಗವಂತ ಒಕ್ಕಲುಗಳಿಗೆ ಚೌಕದ ಕುಣಿ ಬೇಕು, ಒಳಗೊಂದು ಗೂಡು ಬೇಕು. ಅವರು ತಮ್ಮವರನ್ನು ಕೂರಿಸಿ ಕಳಿಸುತ್ತಾರೆ. ಕೇರಿಯವರಿಗೆ ಉದ್ದನೆಯ ಕುಣಿ. ಅವರು ಮಲಗಿ ಹೋಗುತ್ತಾರೆ. ಕೂರುವ ಕುಣಿ, ಮಲಗುವ ಕುಣಿ ಎಂದೇ ಮೂಕಪ್ಪನ ಬಾಯಲ್ಲಿ ಅವುಗಳ ಹೆಸರು. ಯಾವುದೇ ಇರಲಿ, ಬೆಳಿಗ್ಗೆ ತೋಡಿದ್ದನ್ನು ಹೊತ್ತು ಮುಳುಗುವುದರೊಳಗೆ ಮುಚ್ಚಲೇಬೇಕು. ದೂರದ ನೆಂಟರು ಬರುವುದು ತಡವಾಗಿ ಹೆಣ ಮನೆಯಲ್ಲೇ ಉಳಿದರೆ, ಬಟ್ಟೆ ಸುತ್ತಿದ ಗುಂಡುಕಲ್ಲೊಂದನ್ನು ತಳದಲ್ಲಿ ಮಲಗಿಸಿ ಬರಬೇಕು. ಬಾಯಿ ತೆರೆದ ಭೂಮಿ ಖಾಲಿ ಇದ್ದರೆ ತಾನೇ ಒಬ್ಬರನ್ನು ಕರೆದುಕೊಳ್ಳುತ್ತದೆ ಎಂದು ಅವನ ತಂದೆ ಹೇಳಿಕೊಟ್ಟಿದ್ದ. ಆ ಕಲ್ಲಿಗೆ ಅವರು 'ಹೆಸರಿಲ್ಲದವ' ಅನ್ನುತ್ತಿದ್ದರು.

ದುರುಗಮ್ಮನಿಗೆ ಇಬ್ಬರು ಮಕ್ಕಳಾದರು. ಮೊದಲನೆಯದನ್ನು ಸಿಡುಬು ಒಯ್ದಿತು. ಎರಡನೆಯದು ಹೆಸರಿಡುವ ಮೊದಲೇ ಹೋಯಿತು. ಎರಡು ಸಲವೂ ಮೂಕಪ್ಪನೇ ಗುದ್ದಲಿ ಹಿಡಿದು ಹೋದ, ಅವಳನ್ನು ಬರಗೊಡಲಿಲ್ಲ. ವಾಪಸು ಬಂದವನ ಉಗುರಿನ ಸಂದಿಯ ಕಪ್ಪನ್ನು ಅವಳು ಪೊರಕೆಯ ಹಂಚಿಕಡ್ಡಿಯಿಂದ ತೆಗೆದಳು. ಆಮೇಲೆ ಅವಳಿಗೆ ಉಳಿದವನು ಅವನೊಬ್ಬ.

ತುಂಗಭದ್ರೆಗೆ ಅಣೆಕಟ್ಟು ಕಟ್ಟುತ್ತಾರಂತೆ, ಈ ಸೀಮೆಗೆಲ್ಲ ಕಾಲುವೆ ಬರುತ್ತದಂತೆ ಎಂಬ ಮಾತು ಕವಿತಾಳದ ಸಂತೆಯಲ್ಲಿ ಓಡಾಡುತ್ತಿದ್ದ ವರ್ಷಗಳವು. ನೀರು ಕೊಡುವ ಮೊದಲು ಇಲ್ಲಿಯ ಮಣ್ಣು ಆ ನೀರನ್ನು ತಾಳೀತೇ ಎಂದು ನೋಡಲು ಹೈದರಾಬಾದಿನಿಂದ ಒಬ್ಬ ಸಾಹೇಬ ಬಂದ. ಅವನಿಗೆ ಕನ್ನಡ ಬಾರದು. ಅವನ ಮಾತನ್ನು ಕನ್ನಡ ಮಾಡಲು ರಾಯಚೂರು ಪೇಟೆಯ ಜಿಲಾನಿ ಪಾಷಾ ಜೊತೆಗಿದ್ದ. ಸಾಹೇಬ ಒಂದಿಡೀ ದಿನ ದಿಬ್ಬದ ಮೇಲೆ ನಿಂತು ನೆಲದ ಇಳಿಜಾರನ್ನೇ ನೋಡಿದ. ನೀರು ಎಲ್ಲಿಂದ ಹರಿದು ಎಲ್ಲಿ ನಿಲ್ಲುತ್ತದೆ ಎಂದು ಕೈಯಲ್ಲಿ ಗಾಳಿಯಲ್ಲೇ ಗೀಚಿಕೊಂಡ. ಮೂರು ಜಾಗ ಹೇಳಿದ: ದಿಬ್ಬದ ಮೇಲಿನ ಕೆಂಪು ಮಸಾರಿಯಲ್ಲೊಂದು, ಇಳುಕಲಿನಲ್ಲೊಂದು, ಕೆಳಗೆ ತಗ್ಗಿನ ಎರೆಹೊಲದಲ್ಲೊಂದು. ತಗ್ಗಿನ ಹೊಲ ಗಡಿಗೆಪ್ಪನದು. ಊರಲ್ಲಿ ದೊಡ್ಡ ಒಕ್ಕಲು. ಕೇರಿಯ ಅರ್ಧ ಗುಡಿಸಲುಗಳು ಅವನ ಜಾಗದಲ್ಲೇ ಇದ್ದವು.

ಮೂಕಪ್ಪನನ್ನು ಕರೆಸಿ ಜಿಲಾನಿ ಪಾಷಾ ಹೇಳಿದ: "ಒಬ್ಬ ಮನುಷ್ಯಾ ಒಳಗ ಇಳಿಬೇಕು. ಅಂಥಾ ಕುಣಿ ತೋಡು."

ಆ ದಿನ ಅವನು 'ಹಗೇವು' ಅಂದಿದ್ದರೆ ಸಾಕಿತ್ತು. ಜೋಳ ತುಂಬಿಡಲು ನೆಲದೊಳಗೆ ತೋಡುವ ಹಗೇವು ವರ್ಷಗಟ್ಟಲೆ ಬಾಯಿ ತೆರೆದುಕೊಂಡಿದ್ದರೂ ಯಾರೂ ಏನೂ ಅನ್ನುವುದಿಲ್ಲ. ಪೇಟೆಯ ಜಿಲಾನಿ ಪಾಷಾನಿಗೆ ಆ ಮಾತು ಗೊತ್ತಿರಲಿಲ್ಲ. ಒಬ್ಬ ಮನುಷ್ಯ ಇಳಿಯುವ ಕುಣಿ ಎಂದರೆ ಮೂಕಪ್ಪನ ಕೈಗೆ ಗೊತ್ತಿದ್ದದ್ದು ಒಂದೇ ಅಳತೆ. ಅವನು ಮೂರೂ ಕಡೆ ಮಲಗುವ ಕುಣಿ ತೋಡಿದ.

ದುರುಗಮ್ಮ ಮಣ್ಣು ಹೊತ್ತು ಹಾಕಿದಳು. ಮಸಾರಿ ಮೊಳ ಹೋಗುವುದರೊಳಗೆ ಗಟ್ಟಿ ಮೊರಂ ಕಲ್ಲಿಗೆ ತಾಗಿ ಗುದ್ದಲಿಯಿಂದ ಕಿಡಿ ಹಾರಿಸಿತು. ತಗ್ಗಿನ ಎರೆಯೋ, ಆಳು ಮುಳುಗುವಷ್ಟು ಹೋದರೂ ಕಪ್ಪು, ಅದರ ಕೆಳಗೂ ಕಪ್ಪು. ಬೇಸಿಗೆಯ ಬಿರುಕುಗಳು ಮೇಲಿನಿಂದ ಎದೆಯ ಮಟ್ಟದವರೆಗೆ ಇಳಿದಿದ್ದವು. ಅದರ ಕೆಳಗೆ ಓರೆಯಾಗಿ ನಿಂತ ಹೆಂಟೆಗಳು, ಎಣ್ಣೆ ಸವರಿದ ಹಾಗೆ ಮಿರುಗುತ್ತಿದ್ದವು. ದುರುಗಮ್ಮ ಒಂದರ ಮೇಲೆ ಬೆರಳಾಡಿಸಿದಳು. ಕನ್ನಡಿಯಷ್ಟು ನುಣುಪು.

ಸಾಹೇಬ ಅದನ್ನು ಕಂಡು ಮಗುವಿನ ಹಾಗೆ ಹಿಗ್ಗಿದ. ಅವನು ಹೇಳಿದ್ದನ್ನೆಲ್ಲ ಜಿಲಾನಿ ಪಾಷಾ ಚುಟುಕಾಗಿ ಹೇಳಿದ: "ಈ ಮಣ್ಣು ಸುಮ್ನ ಇರಲ್ಲಂತ. ಬಿಸಲಾಗ ಸೀಳತದ, ಮ್ಯಾಲಿನ ಮಣ್ಣು ಬಿರುಕಿನಾಗ ಬೀಳತದ. ಮಳಿ ಬಂದ್ರ ಉಬ್ಬತದ, ಒಳಗಿಂದು ಮ್ಯಾಲೆ ನೂಕತದ. ಹೆಂಟಿಗಿ ಹೆಂಟಿ ತಿಕ್ಕಿ ತಿಕ್ಕಿ ಹಿಂಗ ಮಿರಗತದ. ತನ್ನನ್ನ ತಾನೇ ಉಳತದ ನೋಡು."

"ಹಂಗಾದ್ರ ಎತ್ತು ಮಾರ್ರಿ ಅಂತ ಗಡಿಗೆಪ್ಪಗ ಹೇಳ್ರಿ," ಅಂದ ಮೂಕಪ್ಪ. ಜಿಲಾನಿ ಪಾಷಾ ನಕ್ಕ. ಸಾಹೇಬ ಏನೆಂದು ಕೇಳಿ ತಾನೂ ನಕ್ಕ.

ಆ ಸಂಜೆ ಎಲ್ಲರೂ ಹೋದ ಮೇಲೆ ಮೂಕಪ್ಪ ತನ್ನ ಹಳೆಯ ರುಮಾಲಿನ ಚೂರಿನಲ್ಲಿ ಗುಂಡುಕಲ್ಲು ಸುತ್ತಿ, ಆಳುದ್ದ ಬಾಯಿ ತೆರೆದಿದ್ದ ಎರೆಹೊಲದ ಕುಣಿಯ ತಳದಲ್ಲಿ ಮಲಗಿಸಿದ. ಬೆಳಿಗ್ಗೆ ಒಳಗಿಳಿದ ಸಾಹೇಬ ಅದನ್ನು ಎತ್ತಿ ಹಿಡಿದು ಬಹಳ ಹೊತ್ತು ತಿರುಗಿಸಿ ನೋಡಿದ. ಇಂಥ ಎರೆಯ ತಳದಲ್ಲಿ ಇಂಥ ಕಲ್ಲು, ಅದೂ ಬಟ್ಟೆ ಸುತ್ತಿಕೊಂಡು!

"ಅರೇ ಮೂಕಪ್ಪ, ಏನಿದು?" ಕೇಳಿದ ಜಿಲಾನಿ ಪಾಷಾ.

"ಕಲ್ಲು ರೀ ಸಾಬ್ರ."

"ಕಲ್ಲು ಅಂತ ನಂಗೂ ಕಾಣತದ. ಅಂಗಿ ಯಾರು ತೊಡಸಿದ್ರು?"

ಮೂಕಪ್ಪ ಹೇಳಿದ. ಜಿಲಾನಿ ಪಾಷಾ ಉರ್ದು ಮಾಡಿದ. ಸಾಹೇಬ ಬೈಯಲಿಲ್ಲ, ಮೆಲ್ಲಗೆ ತಲೆಯಾಡಿಸಿದ. "ಮಣ್ಣಿಂದಲ್ಲದ್ದು ಒಳಗ ಇರಬಾರದಂತ. ಹೊರಗ ಬಿಸಾಕು," ಅಂದ ಜಿಲಾನಿ ಪಾಷಾ. ಮೂಕಪ್ಪ ಕಲ್ಲನ್ನು ಬದುವಿನ ಆಚೆ ಎಸೆದ. ಅದು ಬಿದ್ದ ಕಡೆಗೆ ಗಡಿಗೆಪ್ಪನ ಇಬ್ಬರು ಆಳುಗಳು ನಿಂತಿದ್ದರು.

ಮಣ್ಣನ್ನು ಅಡಿ ಅಡಿಗೆ ಬೇರೆ ಚೀಲದಲ್ಲಿ ತುಂಬಿ ಸಾಹೇಬ ಹೊರಟ. ಮೇಲಿನ ಎರಡು ಕುಣಿ ಮುಚ್ಚಲು ಹೇಳಿದ. ಎರೆಹೊಲದ್ದನ್ನು ಮಾತ್ರ ಹಾಗೇ ಬಿಡಬೇಕು. ಮಳೆ ಬಿದ್ದ ಮೇಲೆ ನೀರು ಎಷ್ಟು ಆಳ ಇಳಿಯುತ್ತದೆ ಎಂದು ಬಂದು ನೋಡುತ್ತೇನೆ ಎಂದ. ಮುಚ್ಚಿದರೆ ಸರಕಾರದ ಹುಕುಂ ಮುರಿದಂತೆ ಎಂದು ಗಡಿಗೆಪ್ಪನಿಗೂ ತಹಶೀಲ್ದಾರರಿಂದ ಹೇಳಿಸಿದ.

ದುರುಗಮ್ಮನಿಗೆ ಅಂದಿನಿಂದ ಊಟ ಸೇರಲಿಲ್ಲ. ಹೊಲಕ್ಕೆ ಹೋಗುವಾಗ ಆ ಕಡೆ ನೋಡುತ್ತಿರಲಿಲ್ಲ, ಬರುವಾಗ ನೋಡದೆ ಇರಲಾಗುತ್ತಿರಲಿಲ್ಲ.

"ಇನ್ನೊಂದು ಕಲ್ಲು ಇಟ್ಟು ಬಾ," ಅಂದಳು.

"ಒಮ್ಮಿ ಇಟ್ಟು ತಗದೀನಿ. ಮತ್ತ ಇಟ್ರ ಚೇಷ್ಟಿ ಮಾಡಿದಂಗ ಆಗತದ," ಅಂದ ಮೂಕಪ್ಪ. ಅವನ ದನಿಯಲ್ಲಿ ನಗು ಇರಲಿಲ್ಲ.

ಮುಂಗಾರು ಒಂದೆರಡು ಸಲ ಹನಿಸಿ ಹೋಯಿತು. ಅದೇ ಹೊತ್ತಿಗೆ ಗಡಿಗೆಪ್ಪನ ತಾಯಿ ಬಸವಂತಮ್ಮನಿಗೆ ಎದೆ ಕಟ್ಟಿತು. ವಯಸ್ಸಾದ ಮುದುಕಿ, ಉಸಿರು ಎಳೆಯುವ ಸದ್ದು ಪಡಸಾಲೆ ದಾಟಿ ಬೀದಿಗೆ ಕೇಳುತ್ತಿತ್ತಂತೆ. ಎರಡು ಸಲ ವಿಭೂತಿ ಹಚ್ಚಿ ಬಾಯಿಗೆ ನೀರು ಬಿಟ್ಟರು. ಮರುದಿನ ಬೆಳಿಗ್ಗೆ ಗಡಿಗೆಪ್ಪ ತಾನೇ ಕೇರಿಗೆ ಬಂದ. ಒಳಗೆ ಕಾಲಿಡದೆ, ಕೇರಿಯ ಬಾಯಲ್ಲಿ ಬೇವಿನ ಗಿಡದ ಕೆಳಗೆ ನಿಂತು ಕೂಗಿದ.

"ಲೇ ಮೂಕ, ಬಾ ಇಲ್ಲಿ. ನಮ್ಮವ್ವ ಹೋಗಾಕತ್ತಾಳ."

ಮೂಕಪ್ಪ ಗುದ್ದಲಿ ತೆಗೆದುಕೊಂಡ. "ಎಲ್ಲಿ ತೋಡಲಿ ಯಪ್ಪಾ?"

"ತೋಡೀಯಲ್ಲ ಆಗಲೇ. ನನ್ನ ಹೊಲದಾಗ. ಬಾಯಿ ತಗದು ಕುಂತದ, ಯಾರು ಸಿಗತಾರಂತ ನೋಡಾಕತ್ತದ."

ಗುಡಿಸಲಿನಿಂದ ದುರುಗಮ್ಮ ಓಡಿಬಂದಳು. "ಅದು ಕುಣಿ ಅಲ್ಲ ಯಪ್ಪಾ. ಹಗೇವು ಅಂತ ತಿಳಕೊರ್ರಿ. ಸರಕಾರದ ಹಗೇವು ಅದು."

"ಹಗೇವು?" ಗಡಿಗೆಪ್ಪ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದ. "ಹಂಗಾದ್ರ ಕಾಳು ಹಾಕಬೇಕಲ್ಲ ಬೇ. ಖಾಲಿ ಹಗೇವು ಮನಿಗಿ ಒಳ್ಳೇದೇನು?"

"ಕಲ್ಲು ಇಡತೀವ್ರಿ. ಈಗ್ಲೇ ಇಡತೀವಿ."

"ಇಟ್ಟು ತಗದು ಬಿಸಾಕೀರಿ, ನಮ್ಮ ಆಳು ಕಂಡಾರ. ಒಮ್ಮಿ ಉಣ್ಣಾಕ ಇಟ್ಟು ಎಡಿ ಕಸಕೊಂಡ್ರ ನಾಯಿ ಸೈತ ನಂಬಲ್ಲ, ಭೂಮಿ ನಂಬತದೇನು?" ಅವನು ಮೂಕಪ್ಪನ ಕಡೆ ತಿರುಗಿದ. "ನಾವು ಕುಂತು ಹೋಗೋ ಮಂದಿ. ಅದು ಮಲಗೋ ಕುಣಿ. ನಿನ್ನ ಕೈ ಅಳತಿ, ನಿನ್ನ ಮಂದಿ ಅಳತಿ. ಕೇಳೋದು ನಿಮ್ಮವರನ್ನ, ಸಿಕ್ಕಿದ್ದು ನಮ್ಮವ್ವ. ನೀ ಹೋಗಿ ಅದರಾಗ ಮಲಕ್ಕೊ. ಹೊತ್ತು ಮುಣಗೋ ತನಕ ಮಲಕ್ಕೊ. ತನ್ನಾಂವ ಬಂದ ಅಂತ ಅದಕ್ಕ ತಿಳೀಲಿ. ಆಮ್ಯಾಲ ಎದ್ದು ಮನಿಗಿ ಹೋಗು."

"ಮಲಗಲಿಲ್ಲಂದ್ರ?" ಕೇಳಿದವಳು ದುರುಗಮ್ಮ.

"ಮಲಗಲಿಲ್ಲಂದ್ರ ನೀವು ಇರೋ ಜಾಗ ಯಾರದು ಬೇ?" ಗಡಿಗೆಪ್ಪ ದನಿ ಏರಿಸದೆ ಕೇಳಿದ.

ಮೂಕಪ್ಪ ಹೆದರಿ ಒಪ್ಪಿದನೆಂದು ಕೇರಿಯವರು ಆಮೇಲೆ ಹೇಳಿದರು. ದುರುಗಮ್ಮನಿಗೆ ಗೊತ್ತಿತ್ತು, ಅಷ್ಟೇ ಅಲ್ಲ. ಕಲ್ಲೆಸೆದ ದಿನದಿಂದ ಅವನೂ ಕಾಯುತ್ತಿದ್ದ. ಆ ಕುಣಿಗೆ ಏನೋ ಕೊಡುವುದು ಬಾಕಿ ಇದೆ ಎಂದು ಅವನ ಕೈಗೇ ಅನ್ನಿಸುತ್ತಿತ್ತು. ಒಂದು ಹೊತ್ತು ಮಲಗಿದರೆ ತೀರುವುದಾದರೆ ಅಗ್ಗವೇ ಆಯಿತು.

"ಹೋಗಬ್ಯಾಡ," ಅಂದಳು. "ಗೂಗಲ್ಲಿಗಿ ಹೋಗಮು. ನಮ್ಮಪ್ಪ ಜಾಗ ಕೊಡತಾನ."

"ಒಂದು ಹೊತ್ತು ಬೇ. ಸತ್ತವರೆಲ್ಲ ನನ್ನ ಕೈಯಾಗ ಮಲಗ್ಯಾರ, ಒಬ್ಬರರ ಬೈದಾರೇನು? ಹಾಸಿಗಿ ಹೆಂಗದ ಅಂತ ನಾನೂ ನೋಡತೀನಿ."

ಅವನು ಇಳಿದ. ತಲೆಯ ರುಮಾಲು ಬಿಚ್ಚಿ ಮಡಿಸಿ ದಿಂಬು ಮಾಡಿಕೊಂಡು ಮಲಗಿದ. ಹೆಂಗಸು ಅಳುತ್ತ ಕೂತರೆ ಕುಣಿಗೆ ಗೊಂದಲವಾಗುತ್ತದೆಂದು ಗಡಿಗೆಪ್ಪ ದುರುಗಮ್ಮನನ್ನು ದೂರದ ಬದುವಿನ ಮೇಲೆ ಕೂರಿಸಿದ. ತಾನು ಕಂಬಳಿ ಹೊದ್ದು ಕುಣಿಯ ತಲೆಯ ಹತ್ತಿರ ಕೂತ.

ಮಧ್ಯಾಹ್ನ ತಿರುಗುವಾಗ ಮೋಡ ಕವಿಯಿತು. ತುಂತುರು ಇಲ್ಲ, ಗುಡುಗು ಇಲ್ಲ, ಒಮ್ಮೆಲೇ ಸುರಿಯಿತು. ಎರೆಹೊಲದ ಬಿರುಕುಗಳು ಆ ನೀರನ್ನು ಸದ್ದು ಮಾಡಿ ಕುಡಿದವು. ನೀರು ನೆಲದ ಮೇಲೆ ನಿಲ್ಲಲೇ ಇಲ್ಲ, ನೇರವಾಗಿ ಒಳಗಿಳಿಯಿತು.

ಕುಣಿಯೊಳಗಿಂದ ಮೂಕಪ್ಪನ ದನಿ ಬಂತು. "ಯಪ್ಪಾ, ಏಳ್ಲೇನ್ರಿ? ಬೆನ್ನಿಗಿ ನೀರು ಹತ್ಯಾದ."

"ಹೊತ್ತು ಮುಣಗಿಲ್ಲ."

"ಹೊತ್ತು ಕಾಣವಲ್ದಲ್ರಿ."

"ಕಾಣವಲ್ದು ಅಂದ್ರ ಮುಣಗ್ಯಾದ ಅಂತೇನು? ಮಲಕ್ಕೊ."

ದುರುಗಮ್ಮ ಆಕಾಶ ನೋಡಿದಳು. ಎಲ್ಲ ಕಡೆಯೂ ಒಂದೇ ಬೂದಿಬಣ್ಣ. ಸೂರ್ಯ ಎಲ್ಲಿದ್ದಾನೆಂದು ಹೇಳುವವರು ಯಾರೂ ಇರಲಿಲ್ಲ. ಅಂದು ಹೊತ್ತು ಗಡಿಗೆಪ್ಪ ಹೇಳಿದಾಗ ಮುಳುಗುವಂಥದು. ಅವಳು ಎದ್ದು ಓಡತೊಡಗಿದಳು. ಕಾಲಿಗೆ ಮಣ್ಣು ಹತ್ತಿತು. ಒಂದು ಕಾಲು ಕೀಳುವಷ್ಟರಲ್ಲಿ ಇನ್ನೊಂದು ಹೂತಿತು. ಬಿದ್ದಳು, ಎದ್ದಳು. "ಎದ್ದೇಳು, ಎದ್ದೇಳು" ಎಂದು ಕೂಗಿದಳು.

ಮೂಕಪ್ಪ ಯಾಕೆ ಏಳಲಿಲ್ಲ ಎಂದು ಅವಳು ಆಮೇಲೆ ಬಹಳ ಸಲ ಯೋಚಿಸಿದಳು. ಅವನು ಆಯುಷ್ಯದಲ್ಲೆಲ್ಲ ತೋಡಿದ ಕುಣಿಗಳು ಅದೇ ದಿನ, ತಪ್ಪಿದರೆ ಮರುದಿನ ಮುಚ್ಚಿದಂಥವು. ತೆರೆದ ಕುಣಿಯ ಗೋಡೆ ಮಳೆಯಲ್ಲಿ ಏನು ಮಾಡುತ್ತದೆಂದು ಅವನು ಒಮ್ಮೆಯೂ ಕಂಡಿರಲಿಲ್ಲ. ತನ್ನ ಕೈಯಿಂದ ನೆಟ್ಟಗೆ ಕಡಿದ ಗೋಡೆ ಅದು. ಅದನ್ನು ನಂಬಿದ್ದ.

ಗೋಡೆ ಕುಸಿಯುವಾಗ ಸದ್ದಾಗಲಿಲ್ಲ. ಮಲಗಿದವರು ಮಗ್ಗುಲು ಹೊರಳಿದ ಹಾಗೆ, ಆ ನುಣುಪು ಕನ್ನಡಿಗಳ ಮೇಲೆ ಜಾರಿ, ಒಂದು ಪಕ್ಕವೇ ಇಡಿಯಾಗಿ ಒಳಗೆ ಬಂತು.

ಗಡಿಗೆಪ್ಪ ಎದ್ದು ಓಡಿದ. ಗುದ್ದಲಿ ತರಲು ಓಡಿದನೆಂದು ದುರುಗಮ್ಮ ತಿಳಿದಳು. ಅವನು ಓಡಿದ್ದು ತಾಯಿಯನ್ನು ನೋಡಲು. ಅವಳು ಕೈಯಿಂದ ತೋಡಿದಳು. ಎರೆ ಕೈಗೆ ಅಂಟಿಕೊಂಡಿತು, ಕೊಡವಿದರೆ ಬಿಡಲಿಲ್ಲ. ಒಂದು ಹಿಡಿ ತೆಗೆದರೆ ಅರ್ಧ ಹಿಡಿ ಕೈಯಲ್ಲೇ ವಾಪಸು ಹೋಗುತ್ತಿತ್ತು. ಕೇರಿಯವರು ಬಂದರು. ಮೈದುನ ಮೌನಪ್ಪ ಬಂದ. ಮುಖ ಕಾಣಿಸುವಷ್ಟರಲ್ಲಿ ಮಳೆ ನಿಂತಿತ್ತು, ಪಡುವಣದಲ್ಲಿ ಮೋಡ ಹರಿದು ಬಿಸಿಲು ಬಂತು. ಹೊತ್ತು ಇನ್ನೂ ಮೊಳದುದ್ದ ಮೇಲಿತ್ತು.

ಅಲ್ಲೇ ಮುಚ್ಚಿಬಿಡೋಣ, ಕುಣಿ ಅವನ ಅಳತೆಯದೇ ಇದೆ ಎಂದ ಮೌನಪ್ಪ. ಗಡಿಗೆಪ್ಪ ಹೇಳಿಕಳಿಸಿದ: ನನ್ನ ಹೊಲದಲ್ಲಿ ಬೇಡ, ಅಲ್ಲದೆ ಮುಚ್ಚಬಾರದೆಂದು ಸರಕಾರದ ಹುಕುಂ ಇದೆ. ಹಾಗಾಗಿ ಮೂಕಪ್ಪನನ್ನು ಒಂದು ಕುಣಿಯಿಂದ ಎತ್ತಿ, ಕೇರಿಯ ಹಿಂದಿನ ಕುಣಿಯಲ್ಲಿ ಮಲಗಿಸಿದರು. ಅದನ್ನು ಮೌನಪ್ಪನೂ ದುರುಗಮ್ಮನೂ ತೋಡಿದರು.

ಬಸವಂತಮ್ಮ ಬದುಕಿದಳು. ಮೂರನೆಯ ದಿನ ಎದ್ದು ಕೂತು ಜೋಳದ ನುಚ್ಚು ಬೇಡಿದಳು. ನಡೆದದ್ದನ್ನು ಕೇಳಿ ಕೈಮುಗಿದು, ಒಂದು ಹೊಸ ಇಳಕಲ್ ಸೀರೆಯನ್ನು ಆಳಿನ ಕೈಯಲ್ಲಿ ದುರುಗಮ್ಮನಿಗೆ ಕಳಿಸಿದಳು. "ನಿನ್ನ ಗಂಡನ ಆಯುಷ್ಯ ಉಣ್ಣಾಕತ್ತೀನಿ ಅಂತ ಹೇಳಂದ್ರು ಅಮ್ಮೋರು," ಅಂದ ಆಳು. ಒಳ್ಳೆಯ ಮಾತೆಂದೇ ಅವನು ಹೇಳಿದ, ಬಸವಂತಮ್ಮನೂ ಹಾಗೆಂದೇ ಹೇಳಿಕಳಿಸಿದ್ದಳು. ಕುಣಿಗೆ ಊರು ಹೆದರುವುದು ಬಿಟ್ಟಿತು. ದನ ಕಾಯುವವರು ಅದರ ಅಂಚಿನಲ್ಲಿ ಕೂತು ಬುತ್ತಿ ಬಿಚ್ಚುತ್ತಿದ್ದರು.

ಸಾಹೇಬ ಬಂದ. ಸುದ್ದಿ ಕೇಳಿ ಟೊಪ್ಪಿಗೆ ತೆಗೆದು ನಿಂತ. ಆಮೇಲೆ ಒಳಗಿಳಿದ. ಕುಸಿದ ಮಗ್ಗುಲಲ್ಲಿ ಎದೆಯುದ್ದದ ಕನ್ನಡಿಗಳು ತೆರೆದುಕೊಂಡಿದ್ದವು. ಅಷ್ಟು ಚಂದವಾಗಿ ಅವನು ಎಲ್ಲೂ ಕಂಡಿರಲಿಲ್ಲವಂತೆ. ಚಾಕುವಿನ ಮೊನೆಯಿಂದ ಮಣ್ಣು ಬಿಡಿಸುವಾಗ ಒಂದು ರುಮಾಲಿನ ಅಂಚು ಸಿಕ್ಕಿತು. ಅದನ್ನು ಎಳೆದು, ಮಣ್ಣು ಕೊಡವಿ, ಪಕ್ಕಕ್ಕಿಟ್ಟು, ಬಿಡಿಸಿದ ಮಣ್ಣನ್ನು ಹೊಸ ಚೀಲಗಳಿಗೆ ತುಂಬಿದ. ಮಾನ್ವಿ ಕಚೇರಿಯ ಮಳೆ ಅಳೆಯುವ ಕೊಳವೆಯಲ್ಲಿ ಆ ದಿನ ಮೂರು ಇಂಚು ಇತ್ತೆಂದ. ಮಳೆಯ ಲೆಕ್ಕ ಇತ್ತು, ಇಳುಕಲಿನ ಲೆಕ್ಕ ಇತ್ತು, ಒಂದು ಉಳಿದಿತ್ತು.

ಜಿಲಾನಿ ಪಾಷಾ ನೆಲ ನೋಡುತ್ತ ಕೇಳಿದ: "ಯವ್ವಾ, ಅಂದು ನೀರು ಎಷ್ಟು ಆಳ ಇಳಿದಿತ್ತು? ನೀ ತೋಡೀಯಲ್ಲ. ಎಲ್ಲಿ ತನಕ ಹಸಿ ಇತ್ತು, ಸಾಹೇಬ್ರು ಕೇಳತಾರ."

ದುರುಗಮ್ಮ ಕುಣಿಗಿಳಿದಳು. ಗೋಡೆಯ ಮೇಲೆ ಅಂಗೈ ಇಟ್ಟು ತೋರಿಸಿದಳು. ಸಾಹೇಬ ಅವಳ ಬೆರಳಿನವರೆಗೆ ಟೇಪು ಹಿಡಿದ.

ಕುಣಿ ತೋಡುವವನ ಗುಡಿಸಲು ಕುಣಿ ತೋಡುವವನಿಗೆ ಎಂದು ಗಡಿಗೆಪ್ಪ ಅದನ್ನು ಮೌನಪ್ಪನಿಗೆ ಕೊಡಿಸಿದ. ಸಾಹೇಬ ದುರುಗಮ್ಮನಿಗೆ ರಾಯಚೂರಿನಲ್ಲಿ ಮಣ್ಣು ಕುಟ್ಟುವ ಕೆಲಸ ಕೊಡಿಸಿದ. ಕೋಟೆಯ ಬಂಡೆಗುಡ್ಡದ ಮಗ್ಗುಲಲ್ಲಿ ಹಂಚಿನ ಉದ್ದನೆಯ ಕೋಣೆ. ಸೀಮೆಯ ಎಲ್ಲ ಕಡೆಯ ಚೀಲಗಳು ಅಲ್ಲಿಗೆ ಬರುತ್ತಿದ್ದವು. ಬೇರು, ಕಲ್ಲು, ಮಣ್ಣಲ್ಲದ್ದನ್ನೆಲ್ಲ ಆರಿಸಿ ತೆಗೆದು, ಮರದ ಒನಕೆಯಿಂದ ಮೆಲ್ಲಗೆ ಕುಟ್ಟಿ ಜರಡಿ ಹಿಡಿಯಬೇಕು. ಜೊತೆಗಿದ್ದ ರಂಜಾನಬಿ ಮೊದಲ ದಿನವೇ ಹೇಳಿಕೊಟ್ಟಳು: "ಜೋರ್ ಕುಟ್ಟಬ್ಯಾಡ ಅಕ್ಕಾ. ಹೆಂಟಿ ಒಡೀಬೇಕು, ಮಣ್ಣು ಸಾಯಬಾರದು."

ಒಂದು ದಿನ ಬಾಗಲವಾಡದ ಚೀಲಗಳು ಬಂದವು. ಯಾವ ಚೀಲವೆಂದು ಅವಳಿಗೆ ಯಾರೂ ಓದಿ ಹೇಳಬೇಕಾಗಲಿಲ್ಲ. ಬಿಚ್ಚಿದಾಗ ಹೆಂಟೆ ಮಿರುಗಿತು. ಬಹಳ ಹೊತ್ತು ಆರಿಸಿದಳು. ಒಂದು ಕೂದಲು, ಒಂದು ನೂಲು ಏನಾದರೂ ಇದ್ದೀತೆಂದು ಬೆರಳಾಡಿಸಿದಳು. ಮಣ್ಣಲ್ಲದ್ದು ಏನೂ ಇರಲಿಲ್ಲ. ಕುಟ್ಟಿದಳು.

ಕುಟ್ಟಿದ ಮಣ್ಣನ್ನು ಎತ್ತರದ ಗಾಜಿನ ಜಾಡಿಗಳಲ್ಲಿ ನೀರು ಹಾಕಿ ಕದಡಿ ಸಾಲಾಗಿ ಇಟ್ಟರು. ಅಂದು ಗೂಗಲ್ಲಿನ ಹೊಳೆದಂಡೆಯ ಮಣ್ಣೂ ಬಂದಿತ್ತು. ಅವಳು ಕಸ ಗುಡಿಸಿ ಮುಗಿಸುವಷ್ಟರಲ್ಲಿ ಗೂಗಲ್ಲಿನ ಮರಳೆಲ್ಲ ತಳಕ್ಕಿಳಿಯಿತು. ಸಂಜೆಯ ಹೊತ್ತಿಗೆ ಮೇಲಿನ ನೀರು ಕಣ್ಣೀರಿನಷ್ಟು ತಿಳಿಯಾಯಿತು. ಬಾಗಲವಾಡದ ಜಾಡಿ ಕಪ್ಪಗೆ ಕದಡಿಕೊಂಡೇ ಇತ್ತು. ಮರುದಿನವೂ ಹಾಗೇ. ಅದರ ಮರುದಿನವೂ.

"ಸಾಬ್ರ, ಇದು ಯಾವಾಗ ಕುಂದರತದ?"

"ಕುಂದರಲ್ಲಮ್ಮ. ಆ ಮಣ್ಣಿನ ಗುಣಾನೇ ಅಂಥಾದ್ದು." ಜಿಲಾನಿ ಪಾಷಾ ಅಷ್ಟು ಹೇಳಿ, ಅದು ಯಾವ ಜಾಡಿ ಎಂದು ಆಗ ನೋಡಿ, ಮುಖ ತಿರುಗಿಸಿದ. "ಕಾದಿದ್ದು ಸಾಕಂತ. ನಾಳಿ ಬ್ಯಾರೆ ಮಣ್ಣು ಬರತದ. ಚೆಲ್ಲಿ ತೊಳದಿಡು."

ಅವಳು ಅಂಗಳಕ್ಕೆ ಒಯ್ದು ಚೆಲ್ಲಿದಳು. ಗೂಗಲ್ಲಿನದು ತಳದಲ್ಲಿ ಒಂದು ಹಿಡಿ ಉಳಿಯಿತು, ಕೈ ಹಾಕಿ ತೆಗೆಯಬೇಕಾಯಿತು. ಬಾಗಲವಾಡದ್ದು ನೀರಿನ ಜೊತೆಗೇ ಹೋಯಿತು. ಬಗ್ಗಿ ನೋಡಿದರೆ ಜಾಡಿಯೊಳಗೆ ಏನೂ ಇರಲಿಲ್ಲ. ತೊಳೆದು, ಹಲಗೆಯ ಮೇಲೆ ಸಾಲಾಗಿ ನಿಲ್ಲಿಸಿದಳು. ಅಷ್ಟೂ ಬಾಯಿಗಳು ತೆರೆದುಕೊಂಡು ನಿಂತವು.

ಮರುದಿನ ಬೆಳಿಗ್ಗೆ ಜಿಲಾನಿ ಪಾಷಾ ಬಾಗಿಲು ತೆಗೆದಾಗ ಒಂದೊಂದು ಜಾಡಿಯ ಬಾಯಿಗೂ ಬಟ್ಟೆಯ ಚೂರು ಕಟ್ಟಿತ್ತು. ಹೊಸ ಬಟ್ಟೆ, ಒಮ್ಮೆಯೂ ಉಟ್ಟಿರದ ಇಳಕಲ್ ಸೀರೆಯದು, ಕೆಂಪು ಸೆರಗಿನದೂ ಎರಡು ಚೂರು ಇದ್ದವು.

"ಯಾಕವ್ವ, ಇಷ್ಟು ಚಲೋ ಸೀರಿ ಹರದೀಯಲ್ಲ?"

"ಧೂಳು ಬೀಳತದ್ರಿ," ಅಂದಳು ದುರುಗಮ್ಮ.